ನಮ್ಮ ಹೆಸರಿನ ನಡಿಗೆಯಲ್ಲಿ ನಮಗೂ ಜಾಗ ಇರಲಿ

ಸಂಧಿವಾತ ಇರುವವರಿಗಾಗಿ ನಡಿಗೆ ಏರ್ಪಡಿಸುವವರಿಗೆ, ಅದಕ್ಕೆ ಅನುಮತಿ ಕೊಡುವ ಅಧಿಕಾರಿಗಳಿಗೆ, ಅದರಲ್ಲಿ ಹೆಜ್ಜೆ ಹಾಕುವ ಎಲ್ಲರಿಗೆ,

ನಮಸ್ಕಾರ.

ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಅನ್ನುವ ಬಗೆಯ ಸಂಧಿವಾತ ಶುರುವಾಗಿ 11 ವರ್ಷ ಆಯಿತು. ಈ ಅವಧಿಯಲ್ಲಿ ನಮ್ಮಂಥವರಿಗಾಗಿ ಹಣ ಕೂಡಿಸುವ ನಡಿಗೆಗೆ ಮೂರು ಸಲ ಹೋಗಿದ್ದೇನೆ. ಎರಡು ಸಲ ಅಂದುಕೊಂಡಷ್ಟು ನಡೆದೆ. ಒಂದು ಸಲ ಅರ್ಧದಲ್ಲೇ ಕೂತುಬಿಟ್ಟೆ. ಆ ದಿನದ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ. ಯಾರ ಮೇಲೂ ದೂರು ಹೇಳುವುದಕ್ಕಲ್ಲ. ಇಂಥ ನಡಿಗೆಗಳು ಇನ್ನೂ ಆಗಬೇಕು, ಇನ್ನೂ ಜಾಸ್ತಿ ಜನ ಬರಬೇಕು ಅನ್ನುವ ಆಸೆ ನನಗಿದೆ. ಆ ಆಸೆಯಿಂದಲೇ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ರಜೆಯ ದಿನ ನಿದ್ದೆ ಬಿಟ್ಟು ಎದ್ದು ಬರುವ ನಿಮ್ಮ ಬಗ್ಗೆ ನನಗೆ ತುಂಬಾ ಗೌರವ ಇದೆ. ಗುರುತು ಪರಿಚಯ ಇಲ್ಲದವರ ನೋವಿಗೆ ಅಂತ ನೆಂಟರು, ಗೆಳೆಯರು, ಜತೆ ಕೆಲಸ ಮಾಡುವವರ ಹತ್ತಿರ ಕೈಚಾಚುವುದು ಸುಲಭದ ಮಾತಲ್ಲ. ಕೇಳಲು ಸಂಕೋಚ ಆಗುತ್ತೆ. ಕೆಲವರು ಮುಖ ಸಿಂಡರಿಸುತ್ತಾರೆ. ಆದರೂ ಕೇಳಿದ್ದೀರಿ. ಆ ಋಣ ನನ್ನ ಮೇಲಿದೆ. ಹಾಗಾಗಿ ನಿಮ್ಮ ಹತ್ತಿರ ಮುಚ್ಚುಮರೆ ಮಾಡದೆ ಹೇಳುತ್ತೇನೆ.

ಅವತ್ತು ನಡಿಗೆ ಬೆಳಗ್ಗೆ 6 ಗಂಟೆಗೆ ಶುರು ಅಂತ ಇತ್ತು. 5.30ಕ್ಕೆ ಬಂದು ನಂಬರ್ ತಗೊಳ್ಳಬೇಕು. ನಾನು ಎದ್ದಿದ್ದು 3 ಗಂಟೆಗೆ. ದಾರಿ ದೂರ ಅಂತಲ್ಲ. ಎದ್ದ ಕೂಡಲೇ ನನ್ನ ಕೈಕಾಲು ನನ್ನ ಮಾತು ಕೇಳುವುದಿಲ್ಲ. ಬೆರಳು ಮಡಚಲು ಬರುವುದಿಲ್ಲ. ಪಾದ ನೆಲಕ್ಕೆ ಇಟ್ಟರೆ ಜಲ್ಲಿಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತ ಹಾಗಿರುತ್ತೆ. ಬಿಸಿನೀರಲ್ಲಿ ಕೈ ಅದ್ದಿ, ಒಂದೊಂದೇ ಬೆರಳು ಬಿಡಿಸಿ, ಕೋಣೆಯೊಳಗೇ ಗೋಡೆ ಹಿಡಿದು ಅತ್ತಿಂದಿತ್ತ ಸುತ್ತು ಹಾಕಿ, ಕೀಲುಗಳು ಸಡಿಲ ಆಗುವಷ್ಟರಲ್ಲಿ ಎರಡು ಗಂಟೆ ಹೋಗಿರುತ್ತೆ.

ಇದಕ್ಕೆ ಬೆಳಗಿನ ಬಿಗಿತ ಅಂತಾರೆ. ಮಂಡಿ ಸವೆದು ಬರುವ ಆಸ್ಟಿಯೋ ಆರ್ಥ್ರೈಟಿಸ್‌ನಲ್ಲಿ ಇದು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತೆ. ರುಮಟಾಯ್ಡ್‌ನಲ್ಲಿ ಒಂದು ಗಂಟೆ, ಕೆಲವರಿಗೆ ಅದಕ್ಕಿಂತ ಜಾಸ್ತಿ ಹಿಡಿಯುತ್ತೆ. ಮೊದಲ ಸಲ ಹೋದಾಗ ನನ್ನ ಡಾಕ್ಟರ್ ಕೇಳಿದ ಪ್ರಶ್ನೆಯೂ ಅದೇ: 'ಬೆಳಗ್ಗೆ ಎದ್ದ ಮೇಲೆ ಕೈ ಸಡಿಲ ಆಗೋಕೆ ಎಷ್ಟು ಹೊತ್ತು ಬೇಕು?' ಇದರಲ್ಲಿ ಸೋಮಾರಿತನದ ಪ್ರಶ್ನೆಯೇ ಇಲ್ಲ. ದೇಹದೊಳಗೆ ಒಂದು ಗಡಿಯಾರ ಇದೆ. ಕೀಲಿನಲ್ಲಿ ಉರಿ, ಊತ ತರಿಸುವ ಐಎಲ್-6 ಅನ್ನುವ ಪ್ರೋಟೀನು ನಮ್ಮ ರಕ್ತದಲ್ಲಿ ಏರುವುದು ನಸುಕಿನ ಹೊತ್ತಲ್ಲಿ. ಆ ಉರಿಯನ್ನು ತಣಿಸುವ ಕಾರ್ಟಿಸಾಲ್ ಅನ್ನುವ ಹಾರ್ಮೋನು ರಾತ್ರಿ ಕಡಿಮೆ ಇದ್ದು, ಬೆಳಗಾದಂತೆ ಮೇಲೇರುತ್ತೆ. ಅಂದರೆ ಇಡೀ ದಿನದಲ್ಲಿ ನಮ್ಮ ಕೀಲುಗಳಿಗೆ ಅತ್ಯಂತ ಕಷ್ಟದ ಹೊತ್ತು ಬೆಳಗಿನ ಜಾವ. ನೀವು ನಡಿಗೆಗೆ ಆರಿಸಿಕೊಂಡಿದ್ದು ಅದೇ ಹೊತ್ತನ್ನು. ನಿಮಗೆ ಗೊತ್ತಿರಲಿಲ್ಲ ಅಷ್ಟೇ. ಓಟದ ಸ್ಪರ್ಧೆಗಳು ಬೆಳಗ್ಗೆ ಶುರುವಾಗುತ್ತವೆ, ಬಿಸಿಲಿರುವುದಿಲ್ಲ, ರಸ್ತೆ ಖಾಲಿ ಇರುತ್ತೆ, ಅದೇ ಪದ್ಧತಿ ಇಲ್ಲಿಗೂ ಬಂತು. ಆದರೆ 10 ಗಂಟೆಗೆ ಶುರು ಮಾಡಿದ್ದರೆ ಅವತ್ತು ಮನೆಯಲ್ಲೇ ಉಳಿದ ಎಷ್ಟೋ ಜನ ಬರುತ್ತಿದ್ದರು. ನನಗೆ ಗೊತ್ತಿರುವವರೇ ಮೂವರು ಉಳಿದಿದ್ದರು.

ನಂಬರ್ ಕೊಡುವ ಮೇಜಿನ ಹಿಂದೆ ಇದ್ದ ಹುಡುಗ ನಗುನಗುತ್ತಾ ಒಂದು ಲಕೋಟೆ ಕೊಟ್ಟ. ಒಳಗೆ ನಂಬರ್ ಇದ್ದ ಚೀಟಿ, ನಾಲ್ಕು ಸೇಫ್ಟಿ ಪಿನ್.

ಸೇಫ್ಟಿ ಪಿನ್ ಬಿಚ್ಚಲು ಏನೇನು ಬೇಕು ಅಂತ ಯಾವತ್ತಾದರೂ ನೋಡಿದ್ದೀರಾ? ಎಡಗೈಯ ಹೆಬ್ಬೆರಳು, ತೋರುಬೆರಳ ನಡುವೆ ಅದರ ತಲೆ ಗಟ್ಟಿಯಾಗಿ ಹಿಡಿಯಬೇಕು. ಬಲಗೈ ಹೆಬ್ಬೆರಳಿನ ತುದಿಯಲ್ಲಿ ತಂತಿಯನ್ನು ಒತ್ತಿ ಪಕ್ಕಕ್ಕೆ ಸರಿಸಬೇಕು. ಬಿಚ್ಚಿದ ಮೇಲೆ ಜಾರದ ಹಾಗೆ ಹಿಡಿದು ಚೀಟಿಗೆ ಚುಚ್ಚಿ, ಅಂಗಿಗೆ ಚುಚ್ಚಿ, ಮತ್ತೆ ಒತ್ತಿ ಹಾಕಬೇಕು. ಹೀಗೆ ನಾಲ್ಕು ಸಲ. ನನ್ನ ಹೆಬ್ಬೆರಳಿನ ಬುಡದ ಕೀಲು ಊದಿ ಗುಂಡಗಾಗಿದೆ. ತೋರುಬೆರಳು ಕಿರುಬೆರಳಿನ ಕಡೆಗೆ ವಾಲಿದೆ. ಮೊದಲನೇ ಪಿನ್ನು ಎರಡು ಸಲ ಕೈಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳುವುದು ಇನ್ನೊಂದು ಕೆಲಸ. ಮೂರನೇ ಸಲ ಬಿಚ್ಚಿಕೊಂಡಿತು, ಚರ್ಮಕ್ಕೇ ಚುಚ್ಚಿತು. ಪಕ್ಕದಲ್ಲಿ ನಿಂತಿದ್ದ ಒಬ್ಬರು ಅಜ್ಜಿ ನನ್ನ ಕೈ ನೋಡಿದರು, ನಾನು ಅವರ ಕೈ ನೋಡಿದೆ. ಅವರ ಬೆರಳ ತುದಿಯ ಗಂಟುಗಳೆಲ್ಲ ಉಬ್ಬಿದ್ದವು. ಅವರ ಲಕೋಟೆ ಇನ್ನೂ ಬಿಚ್ಚಿರಲಿಲ್ಲ. ಕೊನೆಗೆ ಆ ಹುಡುಗನನ್ನೇ ಕರೆದೆವು. 'ಅಯ್ಯೋ, ಕೊಡಿ ಮೇಡಂ' ಅಂತ ಅರ್ಧ ನಿಮಿಷದಲ್ಲಿ ಇಬ್ಬರಿಗೂ ಹಾಕಿಕೊಟ್ಟ. ಒಳ್ಳೆಯ ಹುಡುಗ. ಅವನಿಗೆ ಯಾರಾದರೂ ಮೊದಲೇ ಹೇಳಿದ್ದರೆ ಎಲ್ಲರನ್ನೂ ಅವನೇ ಕೇಳುತ್ತಿದ್ದ.

ಆ ಲಕೋಟೆಯ ಜತೆ ಒಂದು ಬಾಟಲಿ ನೀರು ಕೊಟ್ಟಿದ್ದರು. ಮುಚ್ಚಳಕ್ಕೆ ಸೀಲ್. ಅದನ್ನು ತಿರುಚಲು ಮುಂಗೈ ಬೇಕು. ನನ್ನ ಮುಂಗೈ ತಿರುಗುವುದಿಲ್ಲ. ಇಡೀ ದಾರಿ ಆ ಬಾಟಲಿ ಹಿಡಿದುಕೊಂಡೇ ನಡೆದೆ, ಕುಡಿಯಲಿಲ್ಲ. ಪ್ರತಿ ಸಲ ಯಾರನ್ನೋ ನಿಲ್ಲಿಸಿ ಬಿಚ್ಚಿಕೊಡಿ ಅನ್ನಲು ಮನಸ್ಸು ಬರಲಿಲ್ಲ. ಕೊಟ್ಟ ಟೀ ಶರ್ಟ್ ಕೂಡ ಅಷ್ಟೇ, ತಲೆ ಮೇಲಿಂದ ಹಾಕಿಕೊಳ್ಳಲು ಭುಜ ಎತ್ತಬೇಕು. ಭುಜ ಎತ್ತಲು ಆಗದವರಿಗೆ ಮುಂದೆ ಗುಂಡಿ ಇರುವ ಅಂಗಿಯೋ, ಹೆಗಲ ಮೇಲೆ ಹೊದೆಯುವ ಒಂದು ಬಣ್ಣದ ಬಟ್ಟೆಯೋ ಸಾಕು.

ಇವೆಲ್ಲ ಸಣ್ಣ ವಿಷಯ ಅನಿಸಬಹುದು. ನಮ್ಮ ಕಾಯಿಲೆ ಇರುವುದೇ ಈ ಸಣ್ಣ ವಿಷಯಗಳಲ್ಲಿ. ಗುಂಡಿ, ಬೀಗದ ಕೈ, ನಲ್ಲಿ, ಪೆನ್ನು. 1967ರಲ್ಲಿ ಮೊದಲ ಬಾರಿ ಒಬ್ಬ ಮನುಷ್ಯನ ಹೃದಯವನ್ನು ಇನ್ನೊಬ್ಬನಿಗೆ ಕಸಿ ಮಾಡಿದ ಕ್ರಿಸ್ಟಿಯಾನ್ ಬರ್ನಾರ್ಡ್ ಅವರಿಗೂ ಇದೇ ರುಮಟಾಯ್ಡ್ ಇತ್ತು. ಹೃದಯ ಹೊಲಿದ ಅದೇ ಕೈಗಳಿಗೆ ಕೊನೆಗೆ ಸೂಜಿ ಹಿಡಿಯಲು ಆಗದೆ, 1983ರಲ್ಲಿ ಅವರು ಆಪರೇಷನ್ ಮಾಡುವುದನ್ನೇ ಬಿಟ್ಟರು.

ನಡಿಗೆಗೆ ಬರುತ್ತೇನೆ. ಅವತ್ತಿನದು 5 ಕಿಲೋಮೀಟರ್. ಅದಕ್ಕಿಂತ ಚಿಕ್ಕದು ಇರಲಿಲ್ಲ. ಒಂದೇ ದಾರಿ, ಆ ಕಡೆಯಿಂದ ಈ ಕಡೆಗೆ. ನಡುವೆ ಬಿಟ್ಟು ಬರಲು ದಾರಿ ಇಲ್ಲ, ಕೂರಲು ಜಾಗ ಇಲ್ಲ. ಮೊದಲ ಒಂದೂವರೆ ಕಿಲೋಮೀಟರ್ ಚೆನ್ನಾಗೇ ನಡೆದೆ. ಆಮೇಲೆ ಬಲ ಮಂಡಿ ಬಿಸಿ ಆಯಿತು. ಬಿಸಿ ಅಂದರೆ ನಿಜವಾಗಿಯೂ ಬಿಸಿ, ಕೈ ಇಟ್ಟರೆ ಗೊತ್ತಾಗುತ್ತೆ. ಇನ್ನೊಂದು ಕಿಲೋಮೀಟರ್ ಹಲ್ಲುಕಚ್ಚಿ ನಡೆದು ರಸ್ತೆ ಪಕ್ಕದ ಕಟ್ಟೆ ಮೇಲೆ ಕೂತೆ. ಅದು ಒಂದು ಗೇಣು ಎತ್ತರ ಇತ್ತು. ಕೂತದ್ದೇನೋ ಸರಿ, ಏಳಲು ಆಗಲಿಲ್ಲ. ಅಷ್ಟು ತಗ್ಗಿನಿಂದ ಏಳಬೇಕಾದರೆ ಮಂಡಿ ಪೂರ್ತಿ ಮಡಚಿ ಬಿಡಿಸಬೇಕು, ಕೈ ಊರಬೇಕು. ಎರಡೂ ನನ್ನಿಂದ ಆಗದ ಕೆಲಸ. ಜನ ಪಕ್ಕದಲ್ಲಿ ಹೋಗುತ್ತಲೇ ಇದ್ದರು. 'ಇನ್ನೇನು ಬಂತು, ಬಿಡಬೇಡಿ!' ಅಂತ ಹುರಿದುಂಬಿಸಿದರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಆದರೆ ಬಿಡಬೇಡಿ ಅನ್ನುವ ಮಾತು ನಮಗೆ ಅಪಾಯದ ಮಾತು. ಉರಿ ಎದ್ದ ಕೀಲನ್ನು ಛಲಕ್ಕೆ ಬಿದ್ದು ದುಡಿಸಿದರೆ ಮುಂದಿನ ಒಂದು ವಾರ ಹಾಸಿಗೆಯಲ್ಲಿ ಕಳೆಯಬೇಕಾಗುತ್ತೆ. ಎಲ್ಲಿ ನಿಲ್ಲಬೇಕು ಅಂತ ಕಲಿಯಲು ನನಗೆ ವರ್ಷಗಳೇ ಹಿಡಿದಿವೆ.

ಕೊನೆಗೆ ಹಿಂದಿನಿಂದ ಬರುತ್ತಿದ್ದ ಗಾಡಿಯಲ್ಲಿ ಹತ್ತಿಸಿಕೊಂಡರು. ಮುಗಿಯುವ ಜಾಗ ತಲುಪಿದಾಗ ಕಮಾನು ಬಿಚ್ಚುತ್ತಿದ್ದರು. ಮೈಕ್ ಆಗಲೇ ಆಫ್ ಆಗಿತ್ತು. ಆ ಅಜ್ಜಿ ಬಂದರೋ ಇಲ್ಲವೋ ಗೊತ್ತಾಗಲಿಲ್ಲ.

ಆ ದಿನ ವೇದಿಕೆಯಲ್ಲಿ ಮಾತಾಡಿದವರೊಬ್ಬರು ಇದನ್ನು ವಯಸ್ಸಾದವರ ಕಾಯಿಲೆ ಅಂದರು. ದಯವಿಟ್ಟು ಹಾಗೆ ಹೇಳಬೇಡಿ. ಸಂಧಿವಾತ ಒಂದೇ ಕಾಯಿಲೆ ಅಲ್ಲ, ಅದರಲ್ಲಿ ನೂರಕ್ಕೂ ಹೆಚ್ಚು ಬಗೆ ಇವೆ. ಎಲುಬಿನ ತುದಿಯ ಮೆತ್ತೆ ಸವೆಯುವ ಆಸ್ಟಿಯೋ ಆರ್ಥ್ರೈಟಿಸ್ ಎಲ್ಲಕ್ಕಿಂತ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಜಗತ್ತಿನಲ್ಲಿ ಸುಮಾರು 52.8 ಕೋಟಿ ಜನರಿಗೆ ಅದಿತ್ತು. ರುಮಟಾಯ್ಡ್ ಇದ್ದವರು ಸುಮಾರು 1.8 ಕೋಟಿ, ಅವರಲ್ಲಿ ನೂರಕ್ಕೆ 70ರಷ್ಟು ಹೆಂಗಸರು. ಇದು ಸವೆತದಿಂದ ಬರುವುದಲ್ಲ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ತಪ್ಪಾಗಿ ಕೀಲಿನ ಒಳಪದರದ ಮೇಲೇ ತಿರುಗಿಬೀಳುತ್ತೆ. ಬೆನ್ನುಮೂಳೆಯನ್ನು ಹಿಡಿಯುವ ಇನ್ನೊಂದು ಬಗೆ ಹೆಚ್ಚಾಗಿ ಹರೆಯದಲ್ಲೇ ಶುರುವಾಗುತ್ತೆ. ಯೂರಿಕ್ ಆಮ್ಲದ ಹರಳು ಕೀಲಲ್ಲಿ ಕೂತು ಗೌಟ್ ಆಗುತ್ತೆ. ಹದಿನಾರು ತುಂಬುವ ಮೊದಲೇ ಬರುವ ಸಂಧಿವಾತಕ್ಕೂ ಬೇರೆ ಹೆಸರಿದೆ, ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್ ಅಂತ. ಆ ಮಕ್ಕಳು ಶಾಲೆಯಲ್ಲಿ ಆಟದ ಪೀರಿಯಡ್‌ನಲ್ಲಿ ಒಂದು ಮೂಲೆಯಲ್ಲಿ ಕೂತಿರುತ್ತಾರೆ. ನಿನಗೆಲ್ಲಿ ನೋವು, ನಾಟಕ ಆಡ್ತೀಯಾ ಅಂತ ಬೈಸಿಕೊಂಡಿರುತ್ತಾರೆ. ವೇದಿಕೆಯಿಂದ ವಯಸ್ಸಾದವರ ಕಾಯಿಲೆ ಅಂತ ಮೈಕಲ್ಲಿ ಹೇಳಿದರೆ ಆ ಮಗುವಿನ ಕಷ್ಟ ಇನ್ನಷ್ಟು ಜಾಸ್ತಿ ಆಗುತ್ತೆ ಅಲ್ವಾ?

ಹಾಗಾದರೆ ನಡಿಗೆಯೇ ಬೇಡವಾ ಅಂತ ಕೇಳಬಹುದು. ಖಂಡಿತ ಬೇಕು. ನಮ್ಮ ಕಾಯಿಲೆಗೆ ಹಣ ಕೂಡಿಸಲು ಸಾವಿರ ದಾರಿ ಇದ್ದರೂ ನಡಿಗೆಯಷ್ಟು ಒಪ್ಪುವುದು ಇನ್ನೊಂದಿಲ್ಲ. ಯಾಕೆ ಅಂತ ಸ್ವಲ್ಪ ಹೇಳಬೇಕು, ಯಾಕೆಂದರೆ ನನಗೂ ಇದು ಗೊತ್ತಿರಲಿಲ್ಲ.

ಕೀಲಿನಲ್ಲಿ ಎಲುಬಿಗೂ ಎಲುಬಿಗೂ ನಡುವೆ ಇರುವ ಮೆತ್ತೆಗೆ ರಕ್ತನಾಳ ಇಲ್ಲ. ಅದಕ್ಕೆ ಬೇಕಾದ ಪೋಷಣೆ ಕೀಲಿನೊಳಗಿನ ದ್ರವದಿಂದಲೇ ಸಿಗಬೇಕು. ಹೆಜ್ಜೆ ಇಟ್ಟಾಗ ಆ ಮೆತ್ತೆ ಒತ್ತಿಕೊಳ್ಳುತ್ತೆ, ಹೆಜ್ಜೆ ಎತ್ತಿದಾಗ ಬಿಟ್ಟುಕೊಳ್ಳುತ್ತೆ. ಸ್ಪಂಜನ್ನು ಹಿಂಡಿ ಬಿಟ್ಟ ಹಾಗೆ. ಆ ಒತ್ತಿ ಬಿಡುವುದರಲ್ಲೇ ದ್ರವ ಒಳಗೆ ಹೊರಗೆ ಓಡಾಡುತ್ತೆ. ಅಲ್ಲಾಡದೆ ಕೂತ ಕೀಲಿಗೆ ಅದು ಸಿಗುವುದಿಲ್ಲ. ಸುತ್ತಲಿನ ಸ್ನಾಯು ಸೊರಗಿದರೆ ಭಾರ ಎಲ್ಲ ಕೀಲಿನ ಮೇಲೇ ಬೀಳುತ್ತೆ. ಹಿಂದೆ ಡಾಕ್ಟರುಗಳು ವಾರಗಟ್ಟಲೆ ಮಲಗಿಸಿ ವಿಶ್ರಾಂತಿ ಕೊಡುತ್ತಿದ್ದರು. ಈಗ ಉರಿ ಜಾಸ್ತಿ ಇರುವ ದಿನಗಳನ್ನು ಬಿಟ್ಟು ಉಳಿದಂತೆ ನಡೀರಿ ಅಂತಲೇ ಹೇಳುತ್ತಾರೆ.

ಎಷ್ಟು ನಡೀಬೇಕು? ದಿನಕ್ಕೆ 10,000 ಹೆಜ್ಜೆ ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಅದು ಹುಟ್ಟಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ಅದರ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮೀಟರ್. ಮಂಡಿ ಸವೆತ ಇರುವವರನ್ನೂ, ಬರುವ ಸಂಭವ ಇರುವವರನ್ನೂ ಎರಡು ವರ್ಷ ಗಮನಿಸಿ 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಕಂಡದ್ದು 6,000ದ ಲೆಕ್ಕ. ದಿನಕ್ಕೆ ಅಷ್ಟು ನಡೆದವರಲ್ಲಿ ಮುಂದೆ ಓಡಾಟಕ್ಕೆ ತೊಂದರೆ ಆದವರು ಕಡಿಮೆ. ಆ 6,000ದಲ್ಲಿ ಮನೆಯೊಳಗಿನ ಓಡಾಟವೂ ಸೇರುತ್ತೆ. ನನಗೆ ಅದನ್ನು ಓದಿದ ದಿನ ಎಷ್ಟು ಸಮಾಧಾನ ಆಯಿತು ಅಂದರೆ ಹೇಳತೀರದು. ಎಷ್ಟೋ ವರ್ಷ 10,000 ತಲುಪಲಿಲ್ಲ ಅಂತ ರಾತ್ರಿ ಕೋಣೆಯಲ್ಲಿ ಸುತ್ತು ಹಾಕಿ ನೋವು ಜಾಸ್ತಿ ಮಾಡಿಕೊಂಡಿದ್ದೆ.

ನನ್ನ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಎರಡು ವಿಷಯ ನಡಿಗೆಗೆ ಬರುವ ಎಲ್ಲರಿಗೂ ತಿಳಿದಿರಲಿ. ಒಂದು, ನಡೆದ ಮೇಲೆ ನೋವು ಎರಡು ಗಂಟೆಗಿಂತ ಜಾಸ್ತಿ ಉಳಿದರೆ ಅವತ್ತು ಅತಿಯಾಯಿತು ಅಂತ ಅರ್ಥ, ನಾಳೆ ಕಡಿಮೆ ಮಾಡಿ. ಇನ್ನೊಂದು, ಊರುಗೋಲು ಹಿಡಿಯುವುದು ನೋಯುವ ಕಾಲಿನ ಪಕ್ಕದ ಕೈಯಲ್ಲಿ ಅಲ್ಲ, ಎದುರು ಕೈಯಲ್ಲಿ. ಬಲ ಮಂಡಿ ನೋವಿದ್ದರೆ ಎಡಗೈ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ನಾನೂ ಒಂದು ವರ್ಷ ತಪ್ಪಾಗಿಯೇ ಹಿಡಿದಿದ್ದೆ. ಮತ್ತೆ, ನಡಿಗೆಯ ದಿನ ತಡೆದುಕೊಳ್ಳಲಿ ಅಂತ ನೋವಿನ ಮಾತ್ರೆ ಒಂದರ ಬದಲು ಎರಡು ನುಂಗಿ ಬರಬೇಡಿ. ನೋವು ಗೊತ್ತಾಗದಿದ್ದರೆ ಎಲ್ಲಿ ನಿಲ್ಲಬೇಕು ಅಂತಲೂ ಗೊತ್ತಾಗುವುದಿಲ್ಲ.

ನಡಿಗೆಗೂ ನಮ್ಮ ಔಷಧಿಗೂ ಒಂದು ಹಳೆಯ ನಂಟಿದೆ. 1948ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅನ್ನುವ ಡಾಕ್ಟರ್, ರುಮಟಾಯ್ಡ್‌ನಿಂದ ಓಡಾಡಲೂ ಆಗದಂತಾಗಿದ್ದ 29 ವರ್ಷದ ಹೆಂಗಸೊಬ್ಬರಿಗೆ ಉರಿ ತಣಿಸುವ ಕಾರ್ಟಿಸೋನ್ ಅನ್ನುವ ಔಷಧಿಯ ಇಂಜೆಕ್ಷನ್ ಕೊಟ್ಟರು. ಕೆಲವೇ ದಿನದಲ್ಲಿ ಆಕೆ ಎದ್ದು ನಡೆದರು. ಆಸ್ಪತ್ರೆಯಿಂದ ಹೊರಗೆ ಹೋಗಿ ಅಂಗಡಿ ತಿರುಗಿ ಬಂದರು. ಔಷಧಿ ಕೆಲಸ ಮಾಡಿದೆ ಅನ್ನುವುದಕ್ಕೆ ಬೇರೆ ಪುರಾವೆಯೇ ಬೇಕಿರಲಿಲ್ಲ, ಆಕೆಯ ನಡಿಗೆಯೇ ಸಾಕಾಗಿತ್ತು. 1950ರಲ್ಲಿ ಹೆಂಚ್ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ಆಮೇಲೆ ಆ ಔಷಧಿಯನ್ನು ಜಾಸ್ತಿ ದಿನ ಕೊಟ್ಟರೆ ಆಗುವ ತೊಂದರೆಗಳು ಗೊತ್ತಾದವು. ಎಲುಬು ಟೊಳ್ಳಾಗುವುದು, ಮುಖ ಊದುವುದು, ಸಕ್ಕರೆ ಏರುವುದು. ಅಲ್ಲಿಂದ ಹುಡುಕಾಟ ಮುಂದುವರಿಯಿತು. ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಅನ್ನುವ ಮಾತ್ರೆಗೆ ಅಮೆರಿಕದಲ್ಲಿ ರುಮಟಾಯ್ಡ್‌ಗೆ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. 1998ರಲ್ಲಿ ಎಟನರ್ಸೆಪ್ಟ್ ಅನ್ನುವ ಇಂಜೆಕ್ಷನ್ ಬಂತು, ಆಮೇಲೆ ಆ ಜಾತಿಯ ಇನ್ನೂ ಹಲವು. ನಾನು ಇವತ್ತು ಪೆನ್ನು ಹಿಡಿದು ಇದನ್ನು ಬರೆಯುತ್ತಿರುವುದು ವಾರಕ್ಕೊಮ್ಮೆ ನುಂಗುವ ಆ ಹಳದಿ ಮಾತ್ರೆಯಿಂದ.

ಹಣದ ಮಾತಿಗೆ ಇದನ್ನು ಯಾಕೆ ತಂದೆ ಅಂದರೆ, ರುಮಟಾಯ್ಡ್‌ನಲ್ಲಿ ಮೊದಲ ಕೆಲವು ತಿಂಗಳು ಬಹಳ ಮುಖ್ಯ. ಆಗಲೇ ಸರಿಯಾದ ಔಷಧಿ ಶುರುವಾದರೆ ಕೀಲು ಉಳಿಯುತ್ತೆ. ಒಂದು ಸಲ ಕೊರೆದು ಹೋದ ಎಲುಬು ಮತ್ತೆ ಮೊದಲಿನಂತಾಗುವುದಿಲ್ಲ. ನನಗೆ ಕಾಯಿಲೆಯ ಹೆಸರು ಹಿಡಿದು ಹೇಳುವ ಡಾಕ್ಟರ್ ಸಿಗುವಷ್ಟರಲ್ಲಿ 14 ತಿಂಗಳಾಗಿತ್ತು. ಅಲ್ಲಿಯವರೆಗೆ ಸುಮ್ನೆ ನೋವಿನ ಮಾತ್ರೆ ನುಂಗುತ್ತಿದ್ದೆ. ನನ್ನ ಬೆರಳು ವಾಲಿದ್ದು ಆ 14 ತಿಂಗಳಲ್ಲಿ. ನಡಿಗೆಯಿಂದ ಬಂದ ಹಣ ಬೇಗ ಗುರುತಿಸುವ ಶಿಬಿರಕ್ಕೆ, ರಕ್ತಪರೀಕ್ಷೆಗೆ, ದುಬಾರಿ ಇಂಜೆಕ್ಷನ್ ಕೊಳ್ಳಲಾಗದವರಿಗೆ, ಸಂಶೋಧನೆಗೆ ಹೋದರೆ ಅದರಷ್ಟು ಒಳ್ಳೆಯದು ಯಾವುದೂ ಇಲ್ಲ. ಹಾಗಾಗಿ ಒಂದು ಕೋರಿಕೆ. ನಡಿಗೆ ಮುಗಿದ ಮೇಲೆ ಲೆಕ್ಕ ಹೇಳಿ. ಎಷ್ಟು ಬಂತು, ಕಮಾನು, ಅಂಗಿ, ಪದಕ, ಮೈಕ್‌ಗೆ ಎಷ್ಟು ಹೋಯಿತು, ರೋಗಿಗಳಿಗೆ ಎಷ್ಟು ತಲುಪಿತು. ಅನುಮಾನದಿಂದ ಕೇಳುತ್ತಿಲ್ಲ. ನಾನು ನೂರು ಜನರ ಹತ್ತಿರ ಹಣ ಕೇಳಿದ್ದೇನೆ. ಅವರು ಕೇಳಿದರೆ ನಾನು ಉತ್ತರ ಕೊಡಬೇಕಲ್ವಾ?

ಈಗ ಮೂರನೇ ನಡಿಗೆಯ ಬಗ್ಗೆ. ಅದು ಕಳೆದ ವರ್ಷದ್ದು, ಅಕ್ಟೋಬರ್ 12ರ ಆಸುಪಾಸಿನಲ್ಲಿ. 1996ರಿಂದ ಆ ದಿನವನ್ನು ವಿಶ್ವ ಸಂಧಿವಾತ ದಿನ ಅಂತ ಆಚರಿಸುತ್ತಾರೆ. ಬೇರೆ ಒಂದು ಚಿಕ್ಕ ಗುಂಪಿನವರು ಏರ್ಪಡಿಸಿದ್ದರು. ಹೆಸರು ನೋಂದಾಯಿಸುವ ಫಾರಂನಲ್ಲೇ ಒಂದು ಸಾಲು ಇತ್ತು: 'ನಿಮಗೆ ಏನಾದರೂ ಅನುಕೂಲ ಬೇಕಾ?' ನಾನು ಬರೆದೆ, ಪಿನ್ ಹಾಕಲು ಆಗಲ್ಲ. ಹೋದಾಗ ನೋಡಿದರೆ ಎಲ್ಲರಿಗೂ ಅಂಟಿಸುವ ನಂಬರ್. ನನಗೊಬ್ಬಳಿಗೇ ಬೇರೆ ವ್ಯವಸ್ಥೆ ಮಾಡಿದ್ದರೂ ಖುಷಿಯಾಗುತ್ತಿತ್ತು. ಆದರೆ ಎಲ್ಲರಿಗೂ ಒಂದೇ ಮಾಡಿದ್ದು ನೋಡಿ ನನಗೆ ಗಂಟಲು ಕಟ್ಟಿತು.

ಶುರುವಾಗಿದ್ದು ಹತ್ತೂವರೆಗೆ. 5 ಕಿಲೋಮೀಟರ್ ಬದಲು ಒಂದು ಕಿಲೋಮೀಟರಿನ ಸುತ್ತು ಹಾಕಿದ್ದರು. ಯಾರಿಗೆ ಎಷ್ಟು ಸುತ್ತು ಆಗುತ್ತೋ ಅಷ್ಟು. ಒಂದೇ ಸುತ್ತು ಹಾಕಿದವರೂ ಐದು ಹಾಕಿದವರೂ ಒಂದೇ ಕಮಾನಿನ ಕೆಳಗೆ ಹಾದು ಬರುತ್ತಿದ್ದರು. ನೆಲ ಸಮ ಇತ್ತು, ಗಾಲಿಕುರ್ಚಿ ಸಲೀಸಾಗಿ ಹೋಗುತ್ತಿತ್ತು. ಇನ್ನೂರು ಹೆಜ್ಜೆಗೊಂದರಂತೆ ದಾರಿ ಪಕ್ಕ ಕುರ್ಚಿ ಇಟ್ಟಿದ್ದರು. ಎತ್ತರದ, ಕೈ ಇರುವ ಕುರ್ಚಿ. ಕೈ ಇದ್ದರೆ ಮುಂಗೈಯ ಹಿಂಭಾಗ ಊರಿ ಏಳಬಹುದು. ನೀರು ಹಿಡಿಕೆ ಇರುವ ಲೋಟದಲ್ಲಿ ಕೊಟ್ಟರು.

ಒಂದು ವಿಷಯ ಹೇಳಲೇಬೇಕು. ಆ ಕುರ್ಚಿಗಳಲ್ಲಿ ನಾನು ಒಂದರಲ್ಲೂ ಕೂರಲಿಲ್ಲ. ಮೂರು ಸುತ್ತು ಹಾಕಿದೆ. ಮುಂದೆ ಕುರ್ಚಿ ಇದೆ ಅಂತ ಗೊತ್ತಿದ್ದರೆ ಅಲ್ಲಿಯವರೆಗೆ ನಡೆಯಲು ಹೆದರಿಕೆ ಆಗುವುದಿಲ್ಲ. ಅಲ್ಲಿಗೆ ಹೋದ ಮೇಲೆ ಮುಂದಿನದು ಕಾಣುತ್ತೆ. ಹಿಂದಿನ ನಡಿಗೆಯಲ್ಲಿ ಎರಡೂವರೆ ಕಿಲೋಮೀಟರಿಗೆ ನನ್ನ ಕೈಕಾಲು ಸೋತಿದ್ದರಲ್ಲಿ ಹೆದರಿಕೆಯ ಪಾಲೂ ಇತ್ತು ಅಂತ ಆಗ ಗೊತ್ತಾಯಿತು. ಮೈಯೆಲ್ಲ ಬಿಗಿಹಿಡಿದು ನಡೆದಿದ್ದೆ.

ಅಧಿಕಾರಿಗಳಲ್ಲಿ ಕೇಳುವುದು ಇಲ್ಲಿಂದಲೇ ಹುಟ್ಟಿದ್ದು. ನಡಿಗೆಗೆ ಅನುಮತಿ ಕೊಡುವಾಗ ರಸ್ತೆಯನ್ನು ಬೆಳಗ್ಗೆ ಎರಡು ಗಂಟೆ ಮಾತ್ರ ಬಿಟ್ಟುಕೊಡುತ್ತೀರಿ. ಏರ್ಪಡಿಸುವವರು 6 ಗಂಟೆಗೆ ಶುರು ಮಾಡಲು, ಬೇಗ ಕಮಾನು ಬಿಚ್ಚಲು ಅದೂ ಒಂದು ಕಾರಣ. ಮುಖ್ಯ ರಸ್ತೆಯೇ ಬೇಕು ಅಂತ ನಮಗಿಲ್ಲ. ಒಂದು ಉದ್ಯಾನ, ಒಂದು ಮೈದಾನದ ಸುತ್ತಿನ ದಾರಿ ಕೊಡಿ, ಆದರೆ ಮಧ್ಯಾಹ್ನದವರೆಗೆ ಕೊಡಿ. ಶೌಚಾಲಯದ ಬಾಗಿಲ ಹಿಡಿಕೆ ಗುಂಡಗಿನದ್ದಾದರೆ ನಮ್ಮಿಂದ ತಿರುಗಿಸಲು ಆಗುವುದಿಲ್ಲ, ಒತ್ತುವ ಉದ್ದ ಹಿಡಿಕೆ ಇರಲಿ. ಒಳಗೆ ಕೂತು ಏಳಲು ಪಕ್ಕದಲ್ಲಿ ಕಂಬಿ ಇರಲಿ. ಇನ್ನೊಂದು. ಆ ಒಂದು ದಿನಕ್ಕೆ ಅಂತ ಇಡುವ ಕುರ್ಚಿಗಳ ಜಾಗದಲ್ಲಿ ಗಟ್ಟಿಯಾದ, ಎತ್ತರದ, ಕೈ ಇರುವ ಬೆಂಚುಗಳನ್ನು ಕಾಯಂ ಆಗಿ ಹಾಕಿಸಿ. ಮಂಡಿನೋವಿನವರು ಆಮೇಲೂ ದಿನಾ ಅಲ್ಲಿ ನಡೆಯುತ್ತಾರೆ. ಬಸುರಿಯರು, ಕಾಲು ಪೆಟ್ಟಾದವರು, ಮಗು ಎತ್ತಿಕೊಂಡವರೂ ಕೂರುತ್ತಾರೆ.

ಜತೆಯಲ್ಲಿ ನಡೆಯುವವರಿಗೆ ಹೇಳುವುದು ಕಡಿಮೆ. ನಮ್ಮ ಕೈಕುಲುಕುವಾಗ ಗಟ್ಟಿಯಾಗಿ ಹಿಂಡಬೇಡಿ, ಬೆರಳ ಬುಡದ ಕೀಲು ಒತ್ತಿದರೆ ಕಣ್ಣಲ್ಲಿ ನೀರು ಬರುತ್ತೆ. ಸಹಾಯ ಮಾಡುವ ಮೊದಲು ಒಂದು ಮಾತು ಕೇಳಿ, ತಟ್ಟನೆ ತೋಳು ಹಿಡಿದು ಎಳೆಯಬೇಡಿ. ನೋಡೋಕೆ ಚೆನ್ನಾಗೇ ಇದ್ದೀರಲ್ಲ ಅನ್ನಬೇಡಿ. ಬೆಳಗ್ಗೆ ಎರಡು ಗಂಟೆ ಕಷ್ಟಪಟ್ಟು ನಾವು ಹಾಗೆ ಕಾಣಿಸಿಕೊಳ್ಳುತ್ತೇವೆ. ಯಾವುದೋ ಬೇರು, ಎಣ್ಣೆ, ಪಥ್ಯದಿಂದ ಯಾರಿಗೋ ಪೂರ್ತಿ ವಾಸಿ ಆಯಿತಂತೆ ಅಂತ ಹೇಳಿ ಮಾತ್ರೆ ಬಿಡಿಸುವ ಮಾತಂತೂ ಬೇಡವೇ ಬೇಡ. ಹಾಗೆ ಮಾತ್ರೆ ಬಿಟ್ಟವರ ಕೈ ನಾನು ಕಣ್ಣಾರೆ ನೋಡಿದ್ದೇನೆ.

ನಮ್ಮ ಪಕ್ಕದಲ್ಲಿ ಸ್ವಲ್ಪ ದೂರ ನಮ್ಮ ವೇಗದಲ್ಲಿ ನಡೆಯಿರಿ. ಅಷ್ಟು ಸಾಕು. ಕಳೆದ ವರ್ಷ ಕಾಲೇಜು ಹುಡುಗಿಯೊಬ್ಬಳು ತನ್ನ ಗುಂಪು ಬಿಟ್ಟು ನನ್ನ ಜತೆ ಒಂದು ಸುತ್ತು ಪೂರ್ತಿ ಬಂದಳು. ನೋವಿನ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ. ತನ್ನ ಪರೀಕ್ಷೆ, ತನ್ನ ತಮ್ಮನ ತಂಟೆ, ಇಂಥದ್ದೇ ಮಾತಾಡಿದಳು. ನಾನೂ ನನ್ನ ಮನೆಯ ವಿಷಯ ಹೇಳಿದೆ. ಆ ಒಂದು ಕಿಲೋಮೀಟರ್ ಯಾವಾಗ ಮುಗಿಯಿತು ಗೊತ್ತಾಗಲಿಲ್ಲ.

ಕಮಾನಿನ ಹತ್ತಿರ ಬಂದಾಗ ಒಂದು ಗಂಟೆ ಹೊಡೆದಿತ್ತು. ಇನ್ನೂ ಬಿಚ್ಚಿರಲಿಲ್ಲ. ನಮ್ಮ ಹಿಂದೆ ಇನ್ನೂ ನಾಲ್ಕೈದು ಜನ ಬರುವುದಿತ್ತು. ಮೈಕ್ ಹಿಡಿದವರು ಒಬ್ಬೊಬ್ಬರದೇ ಹೆಸರು ಕೂಗುತ್ತಿದ್ದರು. ಪದಕವನ್ನು ಕೈಗೆ ಕೊಡದೆ ಕೊರಳಿಗೇ ಹಾಕಿದರು.

ಈ ವರ್ಷದ ಅದೇ ನಡಿಗೆಗೆ ಹೆಸರು ಕೊಟ್ಟಿದ್ದೇನೆ. ಎಡ ಹಿಮ್ಮಡಿ ಸ್ವಲ್ಪ ಊದಿದೆ, ಹಾಗಾಗಿ ಎರಡು ಸುತ್ತು ಅಂತ ಬರೆದಿದ್ದೇನೆ. ಮೊದಲಿನ ಆ 5 ಕಿಲೋಮೀಟರ್ ನಡಿಗೆಯವರು ಮತ್ತೆ ಏರ್ಪಡಿಸುತ್ತಿದ್ದಾರೆ ಅಂತ ಕೇಳಿದೆ. ಅದಕ್ಕೂ ಬರುವ ಮನಸ್ಸಿದೆ. ಎಷ್ಟು ಗಂಟೆಗೆ ಶುರು ಅಂತ ತಿಳಿಸಿ.

ಇಂತಿ,
ನಿಮ್ಮ ಜತೆ ಹೆಜ್ಜೆ ಹಾಕಿದ ಒಬ್ಬಳು